ಲೈನ್ ಕ್ಲಿಯರ್ ಕೊಟ್ಟ ರಾತ್ರಿ

ಈ ಸಂಗತಿಯನ್ನು ನಾನು ಇಲ್ಲಿಯವರೆಗೆ ಮೂರು ಸಲ ಬಾಯಿಬಿಟ್ಟು ಹೇಳಿದ್ದೇನೆ. ಒಮ್ಮೆ ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ. ಒಮ್ಮೆ ಮದುವೆಯಾದ ಹೊಸದರಲ್ಲಿ ಹೆಂಡತಿಯ ಮುಂದೆ. ಇನ್ನೊಮ್ಮೆ ಟೈಫಾಯ್ಡ್ ಜ್ವರದಲ್ಲಿ ಬಡಬಡಿಸುತ್ತಾ. ಮೂರು ಸಲವೂ ಒಂದೇ ರೀತಿ ಹೇಳಿದ್ದೇನಂತೆ. ಕಟ್ಟಿ ಹೇಳುವವನಾಗಿದ್ದರೆ ಒಂದು ಸಲವಾದರೂ ಉಪ್ಪುಖಾರ ಹೆಚ್ಚುಕಡಿಮೆ ಆಗುತ್ತಿತ್ತು. ಇದು ನನ್ನ ಕಿವಿಯಲ್ಲಿ ಕೇಳಿದ್ದು, ನನ್ನ ಬಾಯಿಂದಲೇ ಆದದ್ದು.

ನಮ್ಮೂರು ಉಡಿಗಾಲ. ಚಾಮರಾಜನಗರದಲ್ಲಿ ಓದು ಮುಗಿಸಿ ಮನೆಯ ಜಮೀನು ಅಣ್ಣಂದಿರಿಗೆ ಬಿಟ್ಟು ಕರೆಂಟ್ ಇಲಾಖೆ ಸೇರಿದ್ದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಗುಂಡ್ಲುಪೇಟೆಯಿಂದಾಚೆ ಊಟಿ ರಸ್ತೆಯ ಬದಿಗೆ, ಊರಿನ ಕೊನೆಯ ಮನೆಗಿಂತಲೂ ಒಂದು ಮೈಲಿ ದೂರದಲ್ಲಿ ನಮ್ಮ ಸ್ಟೇಷನ್ನು. ಹೆಂಚಿನ ಎರಡು ಕೋಣೆ, ಮುಂದೆ ಒಂದು ಜಗುಲಿ, ಹಿಂದೆ ತಂತಿಬೇಲಿಯೊಳಗೆ ಸ್ವಿಚ್ಚುಗಳು. ರಾತ್ರಿ ಪಾಳಿಗೆ ನಾನೊಬ್ಬನೇ.

ಐವತ್ತರ ದಶಕದ ಮಾತು. ರಾಜ್ಯಗಳ ಗಡಿ ಇನ್ನೂ ಹಳೆಯದೇ ಇತ್ತು. ಬಂಡೀಪುರದ ಕಾಡು ದಾಟಿದರೆ ಮದ್ರಾಸ್ ಸೀಮೆ. ನಮ್ಮ ಹಿರಿಯರ ಬಾಯಲ್ಲಿ ಅದು ಬೇರೆ ದೇಶವೇ, “ಆ ದೇಸದೋರು” ಅನ್ನುತ್ತಿದ್ದರು. ನಮ್ಮ ಕಡೆ ಅಣೆಕಟ್ಟೆಯ ನೀರು ಇಳಿದಾಗ ಅವರು ಬೆಟ್ಟದ ಮೇಲಿಂದ ಕರೆಂಟು ಕೊಡಬೇಕು, ಅವರಿಗೆ ಕಡಿಮೆ ಬಿದ್ದಾಗ ನಾವು ಕೊಡಬೇಕು. ಹೀಗೆಂದು ಎರಡು ಸರ್ಕಾರಗಳು ಒಪ್ಪಿಕೊಂಡು ಕಾಡಿನ ನಡುವೆ ಕಂಬ ನೆಟ್ಟು ತಂತಿ ಎಳೆಸಿದ್ದವು. ನಮ್ಮೂರಲ್ಲಿ ಕೊಯ್ಲಿಗೆ ಮುಯ್ಯಾಳು ಹೋಗುತ್ತಾರಲ್ಲ, ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು... ಹಾಗೆಯೇ.

ಕರೆಂಟಿನ ತಂತಿಯ ಕೆಳಗೆ, ಅದೇ ಕಂಬಗಳ ಮೇಲೆ, ಫೋನಿನ ಎರಡು ತಂತಿಗಳಿದ್ದವು. ಆ ತುದಿಯಲ್ಲಿ ಅವರ ಆಪರೇಟರ್ ಆರುಮುಗಂ, ಈ ತುದಿಯಲ್ಲಿ ನಾನು. ನಡುವೆ ಇಪ್ಪತ್ತು ಚಿಲ್ಲರೆ ಮೈಲಿ ಕಾಡು. ನಾನವನ ಮುಖ ನೋಡಿರಲಿಲ್ಲ. ಅವನಿಗೆ ಅರೆಬರೆ ಕನ್ನಡ, ನನಗೆ ಅರೆಬರೆ ತಮಿಳು. ಆದರೂ ಎರಡು ವರ್ಷ ದಿನಾ ರಾತ್ರಿ ಮಾತಾಡಿ ಮಾತಾಡಿ ಅವನ ಕೆಮ್ಮಿನಿಂದಲೇ ಅವನ ಮೈ ಹೇಗಿದೆ ಅಂತ ಹೇಳುವಷ್ಟು ಸಲಿಗೆಯಾಗಿತ್ತು.

ನಡುಕಾಡಿನಿಂದ ಯಾರಾದರೂ ಮಾತಾಡಬೇಕೆಂದರೆ ಒಂದೇ ದಾರಿ. ರಿಪೇರಿಗೆ ಹೋಗುವವರ ಜೊತೆ ಒಂದು ಮರದ ಪೆಟ್ಟಿಗೆ ಫೋನು ಇರುತ್ತಿತ್ತು. ಬಿದಿರುಗಳುವಿನಿಂದ ಅದರ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಹಿಡಿ ತಿರುಗಿಸಿ ಮಾತಾಡಬೇಕು. ಅಂಥ ಪೆಟ್ಟಿಗೆ ನಮ್ಮಲ್ಲಿದ್ದದ್ದು ಒಂದೇ.

ಇನ್ನೊಂದು ಕಟ್ಟುನಿಟ್ಟು ಇತ್ತು. ರಿಪೇರಿಗೆಂದು ಕರೆಂಟು ನಿಲ್ಲಿಸಿದ್ದರೆ, ಕಂಬ ಹತ್ತಿದ ಪ್ರತಿಯೊಬ್ಬ ಆಳೂ ವಾಪಸ್ಸು ಬಂದು ನನ್ನ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ನಾನು ಆ ತುದಿಗೆ “ಲೈನ್ ಕ್ಲಿಯರ್” ಅನ್ನಬೇಕು. ಆರುಮುಗಂ ಅದನ್ನೇ ತಿರುಗಿ ಹೇಳಿ, ಇಬ್ಬರೂ ಟೈಮು ಬರೆದುಕೊಂಡ ಮೇಲೆಯೇ ತಂತಿಗೆ ಕರೆಂಟು. ಇಬ್ಬರಲ್ಲಿ ಒಬ್ಬ ಒಪ್ಪದಿದ್ದರೂ ಇಲ್ಲ.

ಅದೊಂದು ಬೇಸಿಗೆ. ನಮ್ಮ ಕಡೆ ನೀರು ತಳ ಕಂಡು ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಊರು ಅವರ ಕರೆಂಟಿನಲ್ಲೇ ಬೆಳಗುತ್ತಿದ್ದವು. ಒಂದು ಮಧ್ಯಾಹ್ನ ಬಿರುಗಾಳಿಯೆದ್ದು ಬಂಡೀಪುರದಿಂದಾಚೆ ಮರ ಮುರಿದು ತಂತಿಯ ಮೇಲೆ ಬಿತ್ತು. ಮೇಸ್ತ್ರಿ ನಂಜಪ್ಪ ನಾಲ್ಕು ಜನ ಲೈನ್‌ಮನ್‌ಗಳನ್ನು ಕರೆದುಕೊಂಡು ಲಾರಿಯಲ್ಲಿ ಹೋದ. ಒಟ್ಟು ಐದು ಜನ.

ಆ ನಾಲ್ವರಲ್ಲಿ ಮಾದಯ್ಯನೂ ಒಬ್ಬ. ಮೂವತ್ತೈದರ ಆಸುಪಾಸು, ಗುಂಡ್ಲುಪೇಟೆ ಪಕ್ಕದ ಹಳ್ಳಿಯವನು. ಕಂಬ ಹತ್ತುವುದರಲ್ಲಿ ಅವನಂಥವನಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕಂಬದ ತುದಿಯಲ್ಲಿ ಕೂತುಕೊಂಡೇ ಕೆಳಗಿನವರನ್ನು ನಗಿಸುತ್ತಿದ್ದ.

ಕತ್ತಲಾಗುವ ಹೊತ್ತಿಗೆ ಲಾರಿ ವಾಪಸ್ಸು ಬಂತು. ನಾನು ಲಾಂದ್ರ ಹಿಡಿದು ನಿಂತು ಎಣಿಸಿಕೊಂಡೆ. ಐದು ಜನ ಇಳಿದರು. ಐದು ಜನ ಬಂದು ಹೆಬ್ಬೆಟ್ಟು ಒತ್ತಿದರು. ಪೆಟ್ಟಿಗೆ ಫೋನನ್ನು ನನ್ನ ಮೇಜಿನ ಪಕ್ಕದಲ್ಲೇ ಇಟ್ಟರು. ಮಾದಯ್ಯ ಕೊನೆಯವನು. ಅವನ ಬೆರಳು ನಾನೇ ಹಿಡಿದು ಮಸಿಗೆ ಅದ್ದಿದೆ. ತಣ್ಣಗಿತ್ತು... ಕಾಡಿನ ಗಾಳಿಯಲ್ಲಿ ಲಾರಿಯ ಹಿಂದೆ ಕೂತು ಬಂದವನ ಕೈ ತಣ್ಣಗಿರದೆ ಇನ್ನೇನು ಅಂದುಕೊಂಡೆ.

ಗ್ಯಾಂಗನ್ನು ನಮ್ಮಲ್ಲೇ ಬಿಟ್ಟು ಲಾರಿ ಚಾಮರಾಜನಗರಕ್ಕೆ ಹೊರಟುಹೋಯಿತು. ಆರುಮುಗಂಗೆ ಫೋನು ಮಾಡಿದರೆ, ಅವರ ಕಡೆಯ ಕೆಲಸ ಇನ್ನೂ ಮುಗಿದಿಲ್ಲ, ಒಂಬತ್ತರವರೆಗೆ ಕಾಯಿರಿ ಅಂದ. ಸರಿ, ಗ್ಯಾಂಗಿನವರು ಅಂಗಳದಲ್ಲಿ ಮೂರು ಕಲ್ಲು ಹೂಡಿ ಮುದ್ದೆ ತಿರುವಿದರು. ಹುರುಳಿ ಸಾರಿನ ವಾಸನೆ ಒಳಗಿನವರೆಗೂ ಬಂತು.

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಲೈನಿನ ಫೋನು ಗಂಟೆ ಹೊಡೆಯಿತು.

ಆರುಮುಗಂ ಆದರೆ ಎರಡು ಉದ್ದ, ಒಂದು ಗಿಡ್ಡ ಹೊಡೆಯುತ್ತಿದ್ದ. ಇದು ಹಾಗಿರಲಿಲ್ಲ. ಶಕ್ತಿಯಿಲ್ಲದವನು ಹಿಡಿ ತಿರುಗಿಸಿದ ಹಾಗೆ... ಕಿಣಿ... ಕಿಣಿ... ಅಂತ ನಿಂತು ನಿಂತು ಬಂತು.

ಕಿವಿಗಿಟ್ಟುಕೊಂಡೆ. ಜೀರುಂಡೆಯ ಸದ್ದು. ನಮ್ಮ ಅಂಗಳದ್ದಲ್ಲ. ಕಾಡಿನ ಒಳಗೆ ನಿಂತರೆ ಕೇಳುತ್ತದಲ್ಲ, ಕಿವಿ ತುಂಬಿಕೊಳ್ಳುವಂಥದ್ದು. ಅದರ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು.

“ಬುದ್ದೀ... ನಾನು ಮಾದಯ್ಯ... ನಾನಿನ್ನೂ ಕಂಬದ್ ಮ್ಯಾಲೇ ಇವ್ನಿ ಬುದ್ದಿ... ಲೈನ್ ಕೊಡ್ಬ್ಯಾಡಿ...”

ನನಗೆ ಮೊದಲು ಬಂದದ್ದು ನಗು. ಕಿಟಕಿಯಿಂದಾಚೆ, ಎಂಟು ಹೆಜ್ಜೆ ದೂರದಲ್ಲಿ, ಜಗುಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಾದಯ್ಯ ಮುದ್ದೆ ಮುರಿಯುತ್ತಿದ್ದ. ಲಾಂದ್ರದ ಬೆಳಕು ಅವನ ಮುಖದ ಮೇಲೇ ಬಿದ್ದಿತ್ತು.

“ಮಾದಯ್ಯ!” ಅಂತ ಕೂಗಿದೆ.

“ಏನ್ ಬುದ್ದಿ?” ಅಂದ, ಬಾಯಲ್ಲಿ ತುತ್ತು ಇಟ್ಟುಕೊಂಡೇ.

ಫೋನು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಅದರಲ್ಲಿ ಆ ದನಿ ಅಳುತ್ತಿತ್ತು. “ಬುದ್ದೀ... ಕೇಳ್ತದಾ... ಲೈನ್ ಕೊಡ್ಬ್ಯಾಡಿ...”

ಎರಡೂ ಒಂದೇ ದನಿ. ಅದರಲ್ಲಿ ಅನುಮಾನವೇ ಇರಲಿಲ್ಲ. ನಗು ನಿಂತುಹೋಯಿತು. ಮೇಜಿನ ಪಕ್ಕ ನೋಡಿದೆ. ಪೆಟ್ಟಿಗೆ ಫೋನು ಅಲ್ಲೇ ಇತ್ತು, ಮೇಲೆ ಧೂಳು ಮೆತ್ತಿಕೊಂಡು.

ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಲು ತುಂಬ ಪ್ರಯತ್ನಪಟ್ಟೆ. ಫೋನು ಇಟ್ಟು, ತಿರುಗಿ ಆರುಮುಗಂಗೆ ಗಂಟೆ ಹೊಡೆದೆ. ಅವನು ತಕ್ಷಣ ಎತ್ತಿಕೊಂಡ. ದನಿ ತಗ್ಗಿಸಿ, ನಾನು ಕೇಳುವ ಮೊದಲೇ ಅವನೇ ಕೇಳಿದ.

“ಮಲ್ಲಪ್ಪ ಸಾರ್... ನಡುವೆ ಯಾರು ಸಾರ್ ಅದು? ಒಬ್ಬ ಆಳು ಮಾತಾಡ್ತಾನೆ. ಕನ್ನಡ ಮಾತಾಡ್ತಾನೆ. ಬೇಡಾ ಬೇಡಾ ಅಂತಾನೆ. ಅಳ್ತಾನೆ ಸಾರ್.”

ಅಲ್ಲಿಯವರೆಗೂ ನನ್ನ ಕಿವಿಯದೇ ದೋಷವಿರಲಿ ಅಂತ ಬೇಡಿಕೊಳ್ಳುತ್ತಿದ್ದೆ.

ಮೇಸ್ತ್ರಿ ನಂಜಪ್ಪನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದೆ. “ಐದೂ ಜನ ಬಂದ್ರಿ ತಾನೆ?”

“ಯಾಕ್ ಬುದ್ದಿ ಹಿಂಗ್ ಕೇಳೀರಿ? ಐದ್ ಜನ ಹೋದೊ, ಐದ್ ಜನ ಬಂದೊ. ನೀವೇ ಎಣಿಸ್ಕಂಡ್ರಲ್ಲ.”

“ಮಾದಯ್ಯ?”

“ಕಡೇಲಿ ತಿರುವ್ನಾಚೆ ಕಂಬದ್ದೊಂದು ಗಂಟು ನೋಡ್ಕ ಬಾ ಅಂತ ಅವ್ನೊಬ್ನೇ ಕಳಿಸಿದ್ದಿ. ಗಳಿಗೇಲಿ ಬಂದ್ಬುಟ್ಟ. ಲಾರೀಲಿ ನನ್ ಪಕ್ಕದಲ್ಲೇ ಕುಂತಿದ್ದ.” ಆಮೇಲೆ ಏನೋ ನೆನಪಾದವನಂತೆ ಅಂದ, “ದಾರೀಲಿ ಒಂದ್ ಮಾತೂ ಆಡ್ನಿಲ್ಲ ಕಣ ಬುದ್ದಿ. ದಣಿದವ್ನೆ ಅನ್ಕಂಡಿ.”

ಅಷ್ಟರಲ್ಲಿ ಫೋನು ಮತ್ತೆ ಕಿಣಿ... ಕಿಣಿ... ಅಂದಿತು.

ನನಗೆ ಎತ್ತಲು ಧೈರ್ಯ ಬರಲಿಲ್ಲ. ಆಗ ಒಂದು ಯೋಚನೆ ಹೊಳೆಯಿತು. ಮಾದಯ್ಯನನ್ನೇ ಒಳಗೆ ಕರೆದು, ಫೋನು ಅವನ ಕೈಗೇ ಕೊಟ್ಟೆ. “ಯಾರು ನೋಡು” ಅಂದೆ.

ಅವನು ಕಿವಿಗಿಟ್ಟುಕೊಂಡು ನಿಂತ. ನಾನು ಎದುರಿಗಿದ್ದೆ. ನನಗೂ ಕೇಳುತ್ತಿತ್ತು, ದೂರದಿಂದ, ಸಣ್ಣಗೆ, ಆ ಅಳು. ಮಾದಯ್ಯನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಅವನ ಮೈಯಿಂದ ಆಗಷ್ಟೇ ಮುರಿದ ಹಸಿ ಕೊಂಬೆಯ ವಾಸನೆ ಬರುತ್ತಿತ್ತು. ಬೆವರಿಲ್ಲ, ಬೀಡಿಯಿಲ್ಲ, ಬರೀ ಹಸಿರು ವಾಸನೆ... ಸಾಕಷ್ಟು ಹೊತ್ತು ಕೇಳಿ, ಫೋನನ್ನು ನಿಧಾನವಾಗಿ ನನ್ನ ಕೈಗೆ ವಾಪಸ್ಸಿಟ್ಟ.

“ಯಾರೂ ಇಲ್ಲ ಬುದ್ದಿ. ತಡ ಮಾಡ್ಬ್ಯಾಡಿ. ಲೈನ್ ಕೊಟ್ಬುಡಿ.”

ಅಷ್ಟು ಹೇಳಿ ಹೊರಗೆ ಹೋಗಿ ಜಗುಲಿಯ ಮೇಲೆ ಗೋಣಿತಟ್ಟು ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಈಗ ಯಾರಾದರೂ ಕೇಳಬಹುದು, ಅಷ್ಟು ಅನುಮಾನವಿದ್ದವನು ಯಾರನ್ನಾದರೂ ಕಳಿಸಿ ನೋಡಬಾರದಿತ್ತೇ ಅಂತ. ತಿರುವಿನಾಚೆಯ ಆ ಕಂಬ ನಮ್ಮ ಸ್ಟೇಷನ್ನಿನಿಂದ ಹದಿನಾಲ್ಕು ಮೈಲಿ. ಲಾರಿ ಹೋಗಿಯಾಗಿತ್ತು. ಆ ತಿಂಗಳು ಆ ದಾರಿಯಲ್ಲಿ ಆನೆ ಹಿಂಡು ಬೀಡುಬಿಟ್ಟಿತ್ತು. ನನ್ನ ಬಳಿ ಒಂದು ಸೈಕಲ್ಲೂ ಇರಲಿಲ್ಲ.

ಒಂಬತ್ತು ಗಂಟೆಗೆ ಆರುಮುಗಂ ಕಡೆಯ ಕೆಲಸ ಮುಗಿಯಿತು. ನಾನು ಲೈನ್ ಕ್ಲಿಯರ್ ಅನ್ನಬೇಕಿತ್ತು. ಅನ್ನಲಿಲ್ಲ. ಅವನೂ ಕೇಳಲಿಲ್ಲ.

“ನೀವು ಹೇಳೋ ತನಕ ನಾನು ಕೊಡಲ್ಲ ಸಾರ್” ಅಂದ. “ನಮ್ಮ ದೊಡ್ಡವರು ಕೇಳಿದರೆ ಇನ್ನೂ ಒಂದು ಗಂಟು ಬಾಕಿ ಅಂತೀನಿ.”

ಒಂಬತ್ತೂಕಾಲಿಗೆ ಮೇಜಿನ ಮೇಲಿದ್ದ ಇನ್ನೊಂದು ಫೋನು, ಊರಿನದು, ಹೊಡೆಯಿತು. ಚಾಮರಾಜನಗರದಿಂದ ನಮ್ಮ ಸಾಹೇಬರು.

“ಏನಯ್ಯಾ ಮಾಡ್ತಾ ಇದ್ದೀಯ? ಊರೆಲ್ಲ ಕತ್ತಲು.”

“ಸಾರ್, ಒಂದು ಅನುಮಾನ ಇದೆ ಸಾರ್. ಒಬ್ಬ ಆಳು ಇನ್ನೂ ಕಂಬದ ಮೇಲೆ ಇರಬಹುದು...”

“ಎಷ್ಟು ಜನ ಹೋಗಿದ್ರು?”

“ಐದು ಸಾರ್.”

“ಎಷ್ಟು ಜನ ಬಂದ್ರು?”

“ಐದು ಸಾರ್.”

“ಕುಡಿದಿದ್ದೀಯೇನಯ್ಯ?”

ಇಲ್ಲ ಅಂದೆ. ಫೋನಿನಲ್ಲಿ ದನಿ ಬರುತ್ತಿದೆ ಅಂದೆ. ಬೆಳಗಾಗುವವರೆಗೆ ಬಿಡಿ, ಕಾಲಿಗೆ ಬೀಳುತ್ತೇನೆ ಅಂದೆ. ಅವರು ಇಟ್ಟುಬಿಟ್ಟರು. ಹತ್ತು ನಿಮಿಷಕ್ಕೆ ಮತ್ತೆ ಮಾಡಿದರು. ಈ ಸಲ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

“ನೋಡು ಮಲ್ಲಪ್ಪ. ಇಲ್ಲಿ ಆಸ್ಪತ್ರೆಯಲ್ಲಿ ಒಬ್ಬಳು ಹೆಂಗಸಿಗೆ ಹೆರಿಗೆ ಆಗ್ತಾ ಇಲ್ಲ. ಹೊಟ್ಟೆ ಕುಯ್ಯಬೇಕು. ಲಾಂದ್ರದಲ್ಲಿ ಆಗೋದಿಲ್ಲ ಅಂತ ಡಾಕ್ಟರು ಕೈ ಕಟ್ಟಿಕೊಂಡು ಕೂತಿದ್ದಾರೆ. ನೀನು ಹೇಳೋ ಆ ಆಳು ಈಗ ನಿನ್ನ ಎದುರಿಗೆ ಇದ್ದಾನೋ ಇಲ್ಲವೋ?”

ನಾನು ಕಿಟಕಿಯಿಂದ ನೋಡಿದೆ. ಜಗುಲಿಯ ಮೇಲೆ ಐದು ಜನ ಮಲಗಿದ್ದರು.

“ಇದ್ದಾನೆ ಸಾರ್.”

“ಹಾಗಾದ್ರೆ ಲೈನ್ ಕ್ಲಿಯರ್ ಕೊಡು.”

ಆದರೂ ಇನ್ನೂ ಸ್ವಲ್ಪ ಹೊತ್ತು ಎಳೆದೆ. ಆರುಮುಗಂನ ಮೇಲೂ ಅವನ ಮೇಲಿನವರು ಕೂಗಾಡುತ್ತಿದ್ದರು, ಅವನ ಫೋನಿನಲ್ಲಿ ಆ ಗದ್ದಲ ನನಗೂ ಕೇಳುತ್ತಿತ್ತು. ಎರಡು ಸರ್ಕಾರಗಳು ಬರೆದುಕೊಂಡ ಒಪ್ಪಂದವನ್ನು ಎರಡು ಕಡೆಯ ಇಬ್ಬರು ಸಣ್ಣ ನೌಕರರು ಒಂದೂಕಾಲು ಗಂಟೆ ತಡೆದು ಹಿಡಿದೆವು. ಅದಕ್ಕಿಂತ ಹೆಚ್ಚು ನಮ್ಮ ಕೈಯಲ್ಲಾಗಲಿಲ್ಲ.

ಹತ್ತೂಕಾಲಿಗೆ ಆರುಮುಗಂ ಅಂದ, “ಇನ್ನು ನನ್ನ ಕೈಲಿ ಆಗಲ್ಲ ಸಾರ್. ಇಲ್ಲಿ ಬೇರೆ ಆಪರೇಟರನ್ನು ಕೂರಿಸ್ತಾರಂತೆ.”

ನಾನು ಎದ್ದು ಜಗುಲಿಗೆ ಹೋದೆ. ಮಾದಯ್ಯನ ಪಕ್ಕ ಕೂತು ಅವನ ಹೆಗಲಿನ ಮೇಲೆ ಕೈಯಿಟ್ಟೆ. ಗಟ್ಟಿಯಾಗಿ, ಇದ್ದಲ್ಲೇ ಇತ್ತು. ಮನುಷ್ಯನ ಹೆಗಲು. “ಮಾದಯ್ಯ, ಲೈನ್ ಕೊಡಲಾ?” ಅಂತ ಕೇಳಿದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ “ಊಂ” ಅಂದ.

ಒಳಗೆ ಬಂದು ಫೋನು ಎತ್ತಿದೆ. ಆ ದನಿ ಅಲ್ಲೇ ಇತ್ತು. ಈಗ ಕೂಗುತ್ತಿರಲಿಲ್ಲ. ತುಂಬ ಸುಸ್ತಾದವನ ಹಾಗೆ, ಒಂದೇ ಸಮನೆ, “ಕೊಡ್ಬ್ಯಾಡಿ ಬುದ್ದಿ... ಕೊಡ್ಬ್ಯಾಡಿ ಬುದ್ದಿ...”

ಆ ದನಿಯ ಮೇಲೇ ನಾನು ಹೇಳಿದೆ. “ಲೈನ್ ಕ್ಲಿಯರ್.”

ಆ ತುದಿಯಿಂದ ಆರುಮುಗಂ ತಿರುಗಿ ಹೇಳಿದ. “ಲೈನ್ ಕ್ಲಿಯರ್.”

ಇಬ್ಬರ ಮಾತಿನ ನಡುವೆ ಆ ದನಿ ನಿಂತುಹೋಯಿತು. ಮೀಟರಿನ ಮುಳ್ಳು ಎದ್ದಿತು. ಕೋಣೆಯ ಬಲ್ಬು ಹೊತ್ತಿಕೊಂಡು, ಒಂದು ಸಲ ಕೆಂಪಗೆ ಕುಗ್ಗಿ, ಮತ್ತೆ ಬೆಳಗಿತು. ಅಷ್ಟೇ. ರೆಪ್ಪೆ ಮುಚ್ಚಿ ತೆರೆದಷ್ಟು ಹೊತ್ತು.

ಫೋನಿನಲ್ಲಿ ಜೀರುಂಡೆ ಮಾತ್ರ ಕೂಗುತ್ತಿತ್ತು.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಹೊರಗೆ ಬಂದು ನೋಡಿದರೆ ಜಗುಲಿಯ ಮೇಲೆ ನಾಲ್ಕು ಜನ. ಗೋಡೆಯ ಪಕ್ಕದ ಗೋಣಿತಟ್ಟು ಖಾಲಿ. ಮೂತ್ರಕ್ಕೆ ಹೋಗಿರಬೇಕು ಅಂತ ಕಾದೆ. ಲಾಂದ್ರ ಹಿಡಿದು ಬೇಲಿಯ ಸುತ್ತ ಹುಡುಕಿದೆ. ಕೂಗಿದೆ. ನಂಜಪ್ಪ ಎದ್ದು ಬಂದ. ನಮ್ಮಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದಕ್ಕಾಗಲಿಲ್ಲ. ಗೋಣಿತಟ್ಟನ್ನು ಮುಟ್ಟಿ ನೋಡಿದೆವು. ಮಂಜು ಬಿದ್ದಂತೆ ಒದ್ದೆಯಾಗಿತ್ತು.

ಬೆಳಗ್ಗೆ ಮೊದಲ ಬಸ್ಸಿನಲ್ಲಿ ಹೋದೆವು. ತಿರುವಿನಾಚೆಯ ಕಂಬದ ತುದಿಯಲ್ಲಿ ಮಾದಯ್ಯ ಕೂತಿದ್ದ.

ಸೊಂಟದ ಬೆಲ್ಟು ಕಂಬಕ್ಕೆ ಬಿಗಿದಿದ್ದ ಹಾಗೇ ಇತ್ತು. ತಲೆ ಎದೆಯ ಮೇಲೆ ಬಾಗಿ, ತೂಕಡಿಸುವವನ ಹಾಗೆ. ಬಲಗೈಯಲ್ಲಿ ಒಂದು ಕಪ್ಪು ಸುಟ್ಟ ಗುರುತು ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. ಬೆಲ್ಟಿನ ಕೊಂಡಿ ಸಿಕ್ಕಿಕೊಂಡು ಬಿಚ್ಚಲಾಗದೆ ಉಳಿದನೋ, ತಲೆ ತಿರುಗಿ ಎಚ್ಚರ ತಪ್ಪಿದನೋ, ಯಾರಿಗೂ ಗೊತ್ತಾಗಲಿಲ್ಲ. ಫೋನಿನ ತಂತಿ ಅವನ ಕಾಲಿನ ಕೆಳಗೇ ಹಾದುಹೋಗಿತ್ತು. ಆದರೆ ಬರೀ ತಂತಿಯಲ್ಲಿ ಯಾರೂ ಮಾತಾಡಲಾರರು.

ನಂಜಪ್ಪ ಕಂಬದ ಬುಡದಲ್ಲಿ ಕುಸಿದು ಕೂತ. “ನನ್ ಪಕ್ಕದಲ್ಲೇ ಕುಂತಿದ್ದ ಕಣ ಬುದ್ದಿ... ಅವ್ನ ಮೊಣಕಾಲು ನನ್ ಮೊಣಕಾಲಿಗೆ ತಗುಲ್ತಿತ್ತು...” ಅಂತ ಅದೊಂದನ್ನೇ ಹೇಳುತ್ತಿದ್ದ.

ವಿಚಾರಣೆಯಾಯಿತು. ಎಲ್ಲ ಕೇಳಿಕೊಂಡ ಅಧಿಕಾರಿಗಳು ಫೋನಿನ ವಿಷಯ ಬರೆದುಕೊಳ್ಳಲಿಲ್ಲ. ಆಳುಗಳ ಎಣಿಕೆ ತಪ್ಪಿದೆ ಅಂತ ಬರೆದರು. ಹೆಬ್ಬೆಟ್ಟಿನ ಪುಸ್ತಕ ತೋರಿಸಿದೆ. ಬೇರೆ ಯಾರೋ ಎರಡು ಸಲ ಒತ್ತಿರಬೇಕು ಅಂತ ಅದನ್ನು ಹೆಬ್ಬೆಟ್ಟಿನ ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಎರಡು ತಿಂಗಳ ಮೇಲೆ ಅದು ವಾಪಸ್ಸು ಬಂತು. ಐದನೆಯ ಗುರುತು ಮಾದಯ್ಯನದೇ. ಸಂಬಳದ ಹಾಳೆಯಲ್ಲಿದ್ದ ಹೆಬ್ಬೆಟ್ಟಿಗೂ ಇದಕ್ಕೂ ಒಂದು ಗೆರೆಯ ವ್ಯತ್ಯಾಸವೂ ಇಲ್ಲ. ಆ ಕಾಗದವನ್ನು ಸಾಹೇಬರು ನನ್ನ ಮುಂದೆಯೇ ಮಡಿಸಿ ಬೀರುವಿನೊಳಗಿಟ್ಟರು. ನಂಜಪ್ಪನ ಮೇಸ್ತ್ರಿಕೆ ಹೋಯಿತು. ನನಗೇನೂ ಆಗಲಿಲ್ಲ.

ಆಸ್ಪತ್ರೆಯ ಆ ಹೆಂಗಸೂ ಮಗುವೂ ಉಳಿದರು ಅಂತ ಆಮೇಲೆ ಕೇಳಿದೆ. ಅದರಿಂದ ಸಮಾಧಾನವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸಮಾಧಾನವಾಯಿತು ಅಂದರೂ ಸುಳ್ಳೇ.

ಆರುಮುಗಂ ಒಂದು ಸಲ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದಿದ್ದ, ನನ್ನನ್ನು ನೋಡುವುದಕ್ಕೆಂದೇ. ಕುಳ್ಳಗೆ, ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವನು. ಹೋಟೆಲಿನಲ್ಲಿ ಕಾಫಿ ಕುಡಿದೆವು. ಅವನ ಮಕ್ಕಳ ವಿಷಯ, ನಮ್ಮೂರ ಅರಿಸಿನದ ಧಾರಣೆಯ ವಿಷಯ ಮಾತಾಡಿದೆವು. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡ. ಆ ರಾತ್ರಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, “ನಾನು ಕೆಲಸ ಬಿಟ್ಟೆ ಸಾರ್” ಅಂದ.

ನಾನು ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ. ಇನ್ನೂ ನಾಲ್ಕು ವರ್ಷ ಅದೇ ಮೇಜಿನ ಮುಂದೆ ಕೂತು ಎಷ್ಟೋ ಸಲ ಲೈನ್ ಕ್ಲಿಯರ್ ಅಂದೆ. ಪ್ರತಿ ಸಲವೂ ಅನ್ನುವ ಮೊದಲು ಕೊಂಚ ಹೊತ್ತು ಉಸಿರು ಹಿಡಿದು ಕೇಳುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಏನೂ ಕೇಳಿಸಲಿಲ್ಲ ಅನ್ನುವುದರಿಂದ ಧೈರ್ಯವೂ ಬರುತ್ತಿರಲಿಲ್ಲ.

ಮಾದಯ್ಯನ ಹೆಂಡತಿ ಚಿಕ್ಕತಾಯಮ್ಮ ಒಂದೇ ಸಲ ಸ್ಟೇಷನ್ನಿಗೆ ಬಂದಿದ್ದಳು, ಯಾವುದೋ ಕಾಗದದ ಕೆಲಸಕ್ಕೆ. ಕೆಲಸ ಮುಗಿದರೂ ಹೋಗದೆ ಜಗುಲಿಯ ಕೆಳಗೆ ನಿಂತುಕೊಂಡಳು. ಏನಮ್ಮ ಅಂತ ಕೇಳಿದೆ.

“ಅವತ್ತು ನಮ್ ಯಜಮಾನ್ರ ದನೀನ ಕಡೇಲಿ ಕೇಳಿದ್ದು ನೀವೇ ಅಂತ ನಂಜಪ್ಪಣ್ಣ ಅಂದ್ರು ಬುದ್ದಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಏನಂದ್ರು?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದೂಕಾಲು ಗಂಟೆ ಅವನು ನನಗೆ ಒಂದೇ ಮಾತು ಹೇಳಿದ್ದ. ಜಗುಲಿಯ ಮೇಲೆ ಮಲಗಿದ್ದವನು ಇನ್ನೊಂದು ಮಾತು ಹೇಳಿದ್ದ. ಇವಳ ಗಂಡ ಆಡಿದ್ದು ಅದರಲ್ಲಿ ಯಾವುದು ಅಂತ ಅವತ್ತೂ ನನಗೆ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ... ಗೊತ್ತಿಲ್ಲ ಅಂತ ನಾನು ಅನ್ನುತ್ತೇನೆ, ಅಷ್ಟೇ.

“ಏನೂ ಅನ್ನಲಿಲ್ಲ ಕಣಮ್ಮ” ಅಂದೆ.